ಎಡಿಎಚ್‌ಡಿ ಇದೆಯೇ ಎಂದು ತಿಳಿಯಲು ಕಂಪ್ಯೂಟರ್ ಆಟ: ಮಾಡಿಸಿದವರ ಅನುಭವವೇನು?

ಪ್ರಶ್ನೆ: ಮಗನಿಗೆ ಎಂಟು ವರ್ಷ. ತರಗತಿಯಲ್ಲಿ ಐದು ನಿಮಿಷವೂ ಕೂರುವುದಿಲ್ಲವೆಂದು ಶಾಲೆಯಿಂದ ದೂರು. ಮೊಬೈಲ್ ಆಟ ಕೊಟ್ಟರೆ ಮಾತ್ರ ಎರಡು ಗಂಟೆ ಅಲ್ಲಾಡುವುದಿಲ್ಲ. ಈಗ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇದೆಯೇ ಎಂದು ನೋಡಲು ಆಟದಂಥದ್ದೇ ಒಂದು ಕಂಪ್ಯೂಟರ್ ಪರೀಕ್ಷೆ ಮಾಡಿಸಲು ಹೇಳಿದ್ದಾರೆ. ಅದರಿಂದ ಏನು ಗೊತ್ತಾದೀತು?

ಉತ್ತರ: ನಿಮ್ಮ ಗೊಂದಲ ನಮಗೂ ಇತ್ತು. ಮಗಳಿಗೆ ಒಂಬತ್ತು ವರ್ಷವಿದ್ದಾಗ ಮಾಡಿಸಿದೆವು. ನೋಡಲು ಆಟವಾದರೂ ಅದರಲ್ಲಿ ಬಣ್ಣವಿಲ್ಲ, ಸದ್ದಿಲ್ಲ, ಅಂಕವಿಲ್ಲ. ಪರದೆಯ ಮೇಲೆ ಒಂದೊಂದೇ ಇಂಗ್ಲಿಷ್ ಅಕ್ಷರ ಬರುತ್ತದೆ. ಎಲ್ಲದಕ್ಕೂ ಸ್ಪೇಸ್ ಬಾರ್ ಒತ್ತಬೇಕು, ಎಕ್ಸ್ ಬಂದರೆ ಮಾತ್ರ ಕೈ ತಡೆಯಬೇಕು. ಒಟ್ಟು 360 ಅಕ್ಷರ, 14 ನಿಮಿಷ. ಬೇಸರ ಬರಲೆಂದೇ ಹಾಗೆ ಮಾಡಿದ್ದಾರೆ. ಮೊಬೈಲ್ ಆಟ ಕ್ಷಣಕ್ಕೊಂದು ಬಹುಮಾನ ಕೊಟ್ಟು ಮಗುವನ್ನು ಹಿಡಿದಿಡುತ್ತದೆ. ಇಲ್ಲಿ ಮಗು ತಾನೇ ತನ್ನನ್ನು ಹಿಡಿದುಕೊಳ್ಳಬೇಕು.

ನಾನು ಹಿಂದೆ ಕುಳಿತಿದ್ದೆ. ಮೊದಮೊದಲು ಟಕಟಕ ಒತ್ತಿದಳು. ಅರ್ಧದ ಹೊತ್ತಿಗೆ ಅಕ್ಷರಗಳು ಬಂದು ಹೋಗುತ್ತಿದ್ದವು, ಬೆರಳು ಸ್ಪೇಸ್ ಬಾರ್ ಮೇಲೇ ಇತ್ತು, ಕಣ್ಣು ಮಾತ್ರ ಕಿಟಕಿಯ ಪರದೆಯ ಅಂಚಿನಲ್ಲಿ. ಬಿಟ್ಟುಹೋದ ಅಕ್ಷರಗಳೆಷ್ಟು, ದುಡುಕಿ ಒತ್ತಿದ ಎಕ್ಸ್‌ಗಳೆಷ್ಟು, ಒತ್ತುವ ವೇಗ ಎಷ್ಟು ಏರುಪೇರಾಯಿತು ಎಂಬುದೆಲ್ಲ ವರದಿಯಲ್ಲಿರುತ್ತದೆ. ಗಲಾಟೆ ಮಾಡದ ಹುಡುಗಿಯಾದ್ದರಿಂದ ಅಲ್ಲಿಯವರೆಗೆ ಎಲ್ಲರೂ ‘ಸೋಮಾರಿ’ ಎಂದೇ ಅಂದಿದ್ದೆವು. ಆ ದಿನ ನನಗೆ ಅಳು ಬಂತು.

ಆದರೆ ಆ ಒಂದು ಹಾಳೆ ನೋಡಿ ಯಾರಾದರೂ ‘ಇದೆ’ ಅಥವಾ ‘ಇಲ್ಲ’ ಎಂದರೆ ದಯವಿಟ್ಟು ಒಪ್ಪಬೇಡಿ. ನಿದ್ದೆಗೆಟ್ಟ ಮಗುವೂ, ಭಯಗೊಂಡ ಮಗುವೂ ತಪ್ಪು ಒತ್ತುತ್ತದೆ. ತೊಂದರೆಯಿರುವ ಮಗು ಹೊಸ ಜಾಗದ ಹುರುಪಿನಲ್ಲಿ ಚೆನ್ನಾಗಿ ಮಾಡುವುದೂ ಉಂಟು. ಎಡಿಎಚ್‌ಡಿ ಎನ್ನಬೇಕಾದರೆ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು, ಕನಿಷ್ಠ ಆರು ತಿಂಗಳಿಂದ ಇರಬೇಕು, ಮನೆ ಮತ್ತು ಶಾಲೆ ಎರಡೂ ಕಡೆ ಕಾಣಬೇಕು. ನಮ್ಮ ವೈದ್ಯರು ಶಿಕ್ಷಕಿಯಿಂದ ಪ್ರಶ್ನಾವಳಿ ತುಂಬಿಸಿ, ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ನಮ್ಮೊಂದಿಗೆ ಎರಡು ಸಲ ಮಾತನಾಡಿದ ಮೇಲೆಯೇ ನಿರ್ಧರಿಸಿದರು. ಬೆಳಗಿನ ಹೊತ್ತು, ತಿಂಡಿ ತಿನ್ನಿಸಿ ಕರೆದುಕೊಂಡು ಹೋಗಿ. ಮನೆಯಲ್ಲಿ ಅಭ್ಯಾಸ ಮಾಡಿಸಬೇಡಿ.

ಇನ್ನೊಬ್ಬರು: ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಗನಿಗೆ ಕ್ಯೂಬಿ ಟೆಸ್ಟ್ ಎಂಬ ಇಂಥದ್ದೇ ಕಂಪ್ಯೂಟರ್ ಪರೀಕ್ಷೆ ಮಾಡಿದರು. ಹಣೆಗೆ ಪಟ್ಟಿ ಕಟ್ಟಿ, ಕ್ಯಾಮೆರಾದಿಂದ ತಲೆಯ ಅಲುಗಾಟವನ್ನೂ ಅಳೆಯುತ್ತಾರೆ. ಯಾವ ಪರೀಕ್ಷೆ, ಚಿಕಿತ್ಸೆ ಬಳಸಬಹುದೆಂದು ಸಲಹೆ ಕೊಡುವ ಅಲ್ಲಿನ ನೈಸ್ ಸಂಸ್ಥೆ 2024ರಲ್ಲಿ 6ರಿಂದ 17 ವರ್ಷದವರಿಗೆ ಇದನ್ನು ಬಳಸಬಹುದೆಂದು ಹೇಳಿತು. ಅದೂ ವೈದ್ಯರ ತಪಾಸಣೆಯ ಜೊತೆಗೆ.

ಮತ್ತೊಬ್ಬರು: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಪ್ರಶ್ನಾವಳಿಯ ಜೊತೆ ಮಗುವಿನ ನೋಟ್‌ಬುಕ್ಕನ್ನೂ ಒಯ್ಯಿರಿ. ಮೊದಲ ಮೂರು ಲೆಕ್ಕ ಸರಿ, ನಾಲ್ಕನೆಯದು ಅರ್ಧಕ್ಕೇ ನಿಂತಿದ್ದರೆ ಆ ಪುಟವನ್ನು ತೆರೆದು ತೋರಿಸಿ.