ಸಹಾಯ ಬೇಕು: ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರು

ಎಲ್ಲರಿಗೂ ನಮಸ್ಕಾರ. ನಾವು ಕಾಸರಗೋಡಿನವರು, ಚಂದ್ರಗಿರಿ ಹೊಳೆಯ ಉತ್ತರಕ್ಕೆ ನಮ್ಮ ಮನೆ. ಮಗಳು ಕನ್ನಡ ಮಾಧ್ಯಮದಲ್ಲಿ ಎಂಟನೇ ತರಗತಿ. ಈ ವರ್ಷ ಗಣಿತಕ್ಕೆ ಬಂದ ಶಿಕ್ಷಕರಿಗೆ ಕನ್ನಡ ಓದಲು ಬರುವುದಿಲ್ಲ. ಅವರನ್ನು ದೂರುತ್ತಿಲ್ಲ, ಪಾಪ, ಕಷ್ಟಪಟ್ಟು ಮಲಯಾಳದಲ್ಲೇ ವಿವರಿಸುತ್ತಾರೆ. ಪುಸ್ತಕದಲ್ಲಿ 'ತ್ರಿಭುಜ', ಪಾಠದಲ್ಲಿ 'ತ್ರಿಕೋಣಂ'. ಪರೀಕ್ಷೆ ಬರೆಯಬೇಕಾದ್ದು ಮಾತ್ರ ಕನ್ನಡದಲ್ಲಿ. ಮೊದಲು ಲೆಕ್ಕವೆಂದರೆ ಕುಣಿಯುತ್ತಿದ್ದ ಮಗು ಈಗ ಪುಸ್ತಕ ಮುಟ್ಟುವುದಿಲ್ಲ.

ಸಂವಿಧಾನದ 350ಎ ವಿಧಿ ಓದಿದೆ. 1956ರಲ್ಲಿ ಏಳನೇ ತಿದ್ದುಪಡಿಯಿಂದ ಸೇರಿದ್ದು, ಅಂದರೆ ನಾವು ಕೇರಳಕ್ಕೆ ಸೇರಿದ ವರ್ಷವೇ. ಅದು ಮಾತೃಭಾಷೆಯ ಶಿಕ್ಷಣದ ಬಗ್ಗೆ ಹೇಳುತ್ತದೆ, ಆದರೆ ಪ್ರಾಥಮಿಕ ಹಂತಕ್ಕೆ ಮಾತ್ರ. ಹೈಸ್ಕೂಲಿನ ಮಕ್ಕಳಿಗೆ ಯಾವ ಆಧಾರ ಹಿಡಿದು ಕೇಳಬೇಕು? ಕಾನೂನು ಬಲ್ಲವರು ದಯವಿಟ್ಟು ತಿಳಿಸಿ.

350ಬಿ ವಿಧಿಯಡಿ ಇರುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಯಾರಾದರೂ ಅರ್ಜಿ ಬರೆದಿದ್ದೀರಾ? ಉತ್ತರ ಬಂತೇ? 350ನೇ ವಿಧಿಯಂತೆ ಅಹವಾಲನ್ನು ಕನ್ನಡದಲ್ಲೇ ಕೊಡಬಹುದು. ಹಾಗೆ ಬರೆದ ಅರ್ಜಿಯ ಪ್ರತಿ ಇದ್ದರೆ ಹಂಚಿಕೊಳ್ಳಿ. ಐದಾರು ಹೆತ್ತವರು ಸಹಿ ಹಾಕಲು ಸಿದ್ಧರಿದ್ದೇವೆ.

ಇನ್ನೊಂದು ತುರ್ತು: ನಿವೃತ್ತ ಗಣಿತ ಮೇಷ್ಟ್ರು, ಟೀಚರ್ ಯಾರಾದರೂ ಶನಿವಾರ ಒಂದು ಗಂಟೆ ಆನ್‌ಲೈನಿನಲ್ಲಿ ಕನ್ನಡದಲ್ಲಿ ಪಾಠ ಹೇಳಿಕೊಡುವಿರಾ? ಅರ್ಜಿಗೆ ಉತ್ತರ ಬರುವವರೆಗೆ ಪರೀಕ್ಷೆ ಕಾಯುವುದಿಲ್ಲ.