ಯಹೂದಿ ಶಾಸ್ತ್ರದ ‘ಮಮ್ಜೇರ್’: ಮದುವೆಯಾಗದ ತಾಯಿಯ ಮಗುವೂ ಇದರಲ್ಲಿ ಬರುತ್ತದೆಯೇ?

ಜಿಜ್ಞಾಸು:
ಬೈಬಲಿನ ಧರ್ಮೋಪದೇಶಕಾಂಡದ 23ನೇ ಅಧ್ಯಾಯದ ಪ್ರಕಾರ ಮಮ್ಜೇರ್, ಅಂದರೆ ನಿಷಿದ್ಧ ಕೂಡಿಕೆಯಿಂದ ಹುಟ್ಟಿದವರು, ಹತ್ತನೇ ತಲೆಮಾರಿನವರೆಗೂ ಸಭೆಗೆ ಸೇರುವಂತಿಲ್ಲ. ಮದುವೆಯಾಗದ ಹೆಣ್ಣಿನ ಮಗುವಿಗೂ ಇದು ಅನ್ವಯವೇ? ತಂದೆ ಯಹೂದಿಯಲ್ಲದಿದ್ದರೆ? ಇಸ್ರೇಲಿನಲ್ಲಿ ಈಗಲೂ ಇದನ್ನು ನೋಡುತ್ತಾರೆಯೇ?

ಮಿಶ್ನಾ ಓದುಗ:
ಮೊದಲೆರಡಕ್ಕೂ ಇಲ್ಲ ಅನ್ನುವುದೇ ಉತ್ತರ. ಯಾರು ಮಮ್ಜೇರ್ ಎಂಬ ಬಗ್ಗೆ ಮಿಶ್ನಾ ಎಂಬ ಪ್ರಾಚೀನ ಯಹೂದಿ ಶಾಸ್ತ್ರಗ್ರಂಥದ ಯೆವಾಮೋತ್ ಭಾಗದಲ್ಲಿ (4:13) ಮೂರು ಮತಗಳಿವೆ. ನಿಂತದ್ದು ಶಿಮೋನ್ ಹತಿಮ್ನಿಯ ಮತ: ‘ಕಾರೇತ್’ ಎಂಬ ದೈವಶಿಕ್ಷೆಗೆ ಗುರಿಯಾಗುವ ಕೂಡಿಕೆಯಿಂದ ಹುಟ್ಟಿದವರು ಮಾತ್ರ ಮಮ್ಜೇರ್. ಅಂದರೆ ಅಣ್ಣ-ತಂಗಿಯಂಥ ನಿಷಿದ್ಧ ರಕ್ತಸಂಬಂಧದ ಮಗು, ಇಲ್ಲವೇ ಗಂಡನಿರುವ ಹೆಣ್ಣು ಬೇರೊಬ್ಬ ಯಹೂದಿಯಿಂದ ಪಡೆದ ಮಗು. ಮುಟ್ಟಿನ ಕಾಲದ ಕೂಡಿಕೆಗೂ ಕಾರೇತ್ ಉಂಟು, ಆದರೂ ಆ ಮಗು ಮಮ್ಜೇರ್ ಅಲ್ಲ. ಗಂಡಸಿಗೆ ಮದುವೆಯಾಗಿದೆಯೇ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಬಹುಪತ್ನಿತ್ವ ಇದ್ದ ಕಾಲದ ನಿಯಮ ಇದು. ಯಹೂದಿ ತಾಯಿ, ಅನ್ಯ ತಂದೆ ಆದರೆ ಮಗು ಯಹೂದಿ, ಮಮ್ಜೇರ್ ಅಲ್ಲ. ಪುರೋಹಿತ ವಂಶದ ಕೊಹೇನ್ ವಿಚ್ಛೇದಿತೆಯನ್ನು ಮದುವೆಯಾದರೆ ಮಕ್ಕಳಿಗೆ ಪೌರೋಹಿತ್ಯದ ಹಕ್ಕಷ್ಟೇ ತಪ್ಪುತ್ತದೆ.

‘ಸಭೆಗೆ ಸೇರುವಂತಿಲ್ಲ’ ಅಂದರೂ ಅಡ್ಡಿ ಇರುವುದು ಮದುವೆಗೆ ಮಾತ್ರ. ಮಮ್ಜೇರ್ ಇನ್ನೊಬ್ಬ ಮಮ್ಜೇರನ್ನೋ ಮತಾಂತರಗೊಂಡು ಬಂದವರನ್ನೋ ಮದುವೆಯಾಗಬಹುದು, ಆದರೆ ಮಕ್ಕಳಿಗೂ ಅದೇ ಸ್ಥಿತಿ. ಹತ್ತು ತಲೆಮಾರು ಅಂದರೆ ಎಂದೆಂದಿಗೂ ಎಂದೇ ಅರ್ಥ. ತಂದೆಯ ಆಸ್ತಿಯಲ್ಲಿ ಪಾಲಿದೆ. ವಿದ್ವಾಂಸನಾದ ಮಮ್ಜೇರ್ ಓದುಬರಹವಿಲ್ಲದ ಮಹಾಯಾಜಕನಿಗಿಂತ ಮೇಲು ಎಂದು ಮಿಶ್ನಾದ ಹೋರಾಯೋತ್ 3:8 ನೇರವಾಗಿಯೇ ಹೇಳುತ್ತದೆ.

ಗೆಟ್ ಬಲ್ಲವ:
ಇಂದು ತೊಡಕು ಹೆಚ್ಚಾಗಿ ಬರುವುದು ವಿಚ್ಛೇದನದಲ್ಲಿ. ಸಿವಿಲ್ ಕೋರ್ಟಿನ ಡೈವೋರ್ಸ್ ಶಾಸ್ತ್ರಕ್ಕೆ ಸಾಲದು, ‘ಗೆಟ್’ ಎಂಬ ಶಾಸ್ತ್ರೋಕ್ತ ವಿಚ್ಛೇದನ ಪತ್ರ ಬೇಕು. ಅದನ್ನು ಆ ದಂಪತಿಗಾಗಿಯೇ ಲಿಪಿಕಾರ ಹನ್ನೆರಡು ಸಾಲಿನಲ್ಲಿ ಬರೆಯಬೇಕು, ಇಬ್ಬರು ಅರ್ಹ ಸಾಕ್ಷಿಗಳು ಸಹಿ ಹಾಕಬೇಕು, ಗಂಡ ಸ್ವಇಚ್ಛೆಯಿಂದ ಹೆಂಡತಿಯ ಕೈಗಿಡಬೇಕು. ಹೆಸರು, ಅಡ್ಡಹೆಸರು, ಊರು ತಪ್ಪಾದರೆ ಪತ್ರವೇ ಕೆಡಬಹುದು. ಗೆಟ್ ಇಲ್ಲದೆ ಅವಳು ಇನ್ನೊಬ್ಬ ಯಹೂದಿಯಿಂದ ಪಡೆದ ಮಗು ಮಮ್ಜೇರ್. ಗಂಡ ಗೆಟ್ ಕೊಡದೆ ಅವಿವಾಹಿತೆಯೊಬ್ಬಳ ಜತೆ ಸಂಸಾರ ಹೂಡಿದರೂ ಅವನ ಮಕ್ಕಳಿಗೆ ಏನೂ ಆಗದು. ಗೆಟ್ ಕೊಡದೆ ಸತಾಯಿಸುವವರ ಬಲವೆಲ್ಲ ಇದರಲ್ಲೇ ಇದೆ. ಅಮೆರಿಕದ ರಬ್ಬಿ (ಯಹೂದಿ ಧರ್ಮಗುರು) ಮೋಶೆ ಫೈನ್‌ಸ್ಟೈನ್ ಒಂದು ದಾರಿ ತೋರಿಸಿದ್ದರು: ಮೊದಲ ಮದುವೆಗೆ ಶಾಸ್ತ್ರೋಕ್ತ ಸಾಕ್ಷಿಗಳೇ ಇರಲಿಲ್ಲವಾದರೆ ಅದು ಮದುವೆಯೇ ಅಲ್ಲ.

ಜಿಜ್ಞಾಸು:
ಹಾಗಾದರೆ ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಎಲ್ಲ ಹೊರಬೀಳುತ್ತದಲ್ಲ?

ಮಿಶ್ನಾ ಓದುಗ:
ಅದಕ್ಕೇ ಇಸ್ರೇಲಿನಲ್ಲಿ ಪಿತೃತ್ವ ಪರೀಕ್ಷೆಗೆ ಕೋರ್ಟಿನ ಆದೇಶ ಬೇಕು, ಮಗು ಮಮ್ಜೇರ್ ಆಗುವ ಸಂಭವವಿದ್ದರೆ ಆದೇಶ ಸಿಗುವುದು ಕಷ್ಟ. 1953ರ ಕಾಯ್ದೆಯಂತೆ ಅಲ್ಲಿ ಯಹೂದಿಗಳ ಮದುವೆ-ವಿಚ್ಛೇದನ ರಬ್ಬಿ ನ್ಯಾಯಾಲಯಗಳ ಕೈಲಿದೆ, ಮದುವೆಗೆ ಅನರ್ಹರ ಪಟ್ಟಿಯೂ ಇದೆ.

ಶಾಸ್ತ್ರವೂ ಸಾಕ್ಷ್ಯದ ಬಾಗಿಲನ್ನು ಬಿಗಿಯಾಗಿ ಮುಚ್ಚಿದೆ. ಹೆಂಡತಿ ಹೆತ್ತದ್ದೆಲ್ಲ ಗಂಡನದೇ ಎಂಬ ಊಹೆ ಮೊದಲು. ಗಂಡ ದೂರ ಹೋಗಿ ಹನ್ನೆರಡು ತಿಂಗಳೊಳಗೆ ಹುಟ್ಟಿದ ಮಗುವನ್ನೂ ಅವನದೇ ಎನ್ನಲು ಆಧಾರವಿದೆ. ‘ಇದು ಇವರ ಮಗುವಲ್ಲ’ ಎಂಬ ತಾಯಿಯ ಮಾತು ನಡೆಯದು. ತಂದೆಯ ಮಾತು ನಡೆಯುತ್ತದೆ, ಆದರೆ ಆ ಮಗನಿಗೆ ಮಕ್ಕಳಾಗಿದ್ದರೆ ಅದೂ ನಡೆಯದು. ಒಂದು ಕುಟುಂಬದೊಳಗೆ ಗುಟ್ಟಾಗಿ ಬೆರೆತುಹೋದದ್ದನ್ನು ಕೆದಕಿ ಹೊರಗೆ ತರಬಾರದು ಎಂಬ ವಿಧಿಯೂ ಉಂಟು.

1972ರ ಲ್ಯಾಂಗರ್ ಪ್ರಕರಣ ನೋಡಿ. ತಾಯಿ ಮೊದಲ ಗಂಡನಿಂದ ಗೆಟ್ ಪಡೆಯದೆ ಮತ್ತೆ ಮದುವೆಯಾಗಿದ್ದರಿಂದ ಲ್ಯಾಂಗರ್ ಅಣ್ಣ-ತಂಗಿ ಮಮ್ಜೇರ್ ಎನಿಸಿದ್ದರು. ಮುಖ್ಯ ರಬ್ಬಿ ಶ್ಲೋಮೋ ಗೋರೆನ್ ಆ ಮೊದಲ ಗಂಡ ಯಹೂದಿಯಾಗಿ ಮತಾಂತರಗೊಂಡದ್ದನ್ನೇ ಅಸಿಂಧು ಎಂದು ಘೋಷಿಸಿದರು. ಅಲ್ಲಿಗೆ ಮೊದಲ ಮದುವೆ ಬಿದ್ದುಹೋಯಿತು, ಎರಡನೇ ಮದುವೆಯ ಅಣ್ಣ-ತಂಗಿ ಇಬ್ಬರೂ ತಾವು ಮೆಚ್ಚಿದವರನ್ನು ಮದುವೆಯಾದರು. ಸಂಪ್ರದಾಯಸ್ಥ ರಬ್ಬಿಗಳು ಕೆಂಡ ಕಾರಿದರು. ಅಮೆರಿಕದ ಕನ್ಸರ್ವೇಟಿವ್ ಎಂಬ ಯಹೂದಿ ಪಂಥ ಈ ಸುತ್ತುದಾರಿಯನ್ನೇ ಬಿಟ್ಟಿತು: ಮಮ್ಜೇರ್ ಎಂಬುದಕ್ಕೆ ಸಾಕ್ಷ್ಯವನ್ನೇ ಸ್ವೀಕರಿಸಬೇಡಿ ಎಂದು ಅದರ ಧರ್ಮನಿಯಮ ಸಮಿತಿ 2000ದಲ್ಲಿ ಒಪ್ಪಿಕೊಂಡಿತು.