ಅಕ್ಕನ ಮಂಡಿಗೆ, ಭಾವನವರ ಬೋಧಿಧರ್ಮನಿಗೆ

ಅಕ್ಕಾ, ನಿನ್ನ ಸಂದೇಶ ಈಗ ನೋಡಿದೆ. ಬೀಜಿಂಗಿನಲ್ಲಿದ್ದಾಗ ನಾನು ಪಾರ್ಕಿನಲ್ಲಿ ಮಾಡುತ್ತಿದ್ದುದು ಏನು, ನೆಲದ ಮೇಲೆ ಕೂರಲಾಗದ ನಿನ್ನ ಮಂಡಿಗೆ ಅದು ಒಗ್ಗುತ್ತದೆಯೇ ಎಂದು ಕೇಳಿದ್ದೀಯ. ಬರೆಯುತ್ತ ಕೂತರೆ ಬೆಳಗಾಗುತ್ತದೆ, ಅದಕ್ಕೇ ಮಾತಿನಲ್ಲಿ ಹೇಳುತ್ತಿದ್ದೇನೆ. ತರಕಾರಿ ಹೆಚ್ಚುತ್ತ ಕೇಳು.

ಅದರ ಹೆಸರು ಬಾದುವಾನ್‌ಜಿನ್. ಎಂಟು ತುಂಡು ಜರಿ ರೇಷ್ಮೆ ಎಂದರ್ಥ. ಚೀನಾದವರು ಚಿಗಾಂಗ್ ಎನ್ನುವ ಉಸಿರು-ಚಲನೆಯ ಅಭ್ಯಾಸಗಳಲ್ಲಿ ಇದೊಂದು. ಸೊಂಗ್ ರಾಜವಂಶದ ಕಾಲದಿಂದಲೂ ಈ ಹೆಸರು ಸಿಗುತ್ತದೆ. ಎಂಟೇ ಎಂಟು ಚಲನೆ, ನಿಂತೇ ಮಾಡುವುದು, ಚಾಪೆ ಬೇಡ, 12ರಿಂದ 15 ನಿಮಿಷ ಸಾಕು.

ನಾನು ಹೋಗುತ್ತಿದ್ದುದು ಟಿಯಾನ್‌ಟಾನ್ ಪಾರ್ಕಿಗೆ, ಹಳೆಯ ಸ್ವರ್ಗ ದೇಗುಲದ ಆವರಣ. ಬೆಳಿಗ್ಗೆ ಮುದುಕ ಮುದುಕಿಯರು ಚೀಲ, ಚಹಾದ ಫ್ಲಾಸ್ಕು ಎಲ್ಲವನ್ನೂ ಮರದ ಕೊಂಬೆಗೆ ತೂಗುಹಾಕಿ ಸಾಲಾಗಿ ನಿಲ್ಲುತ್ತಿದ್ದರು. ನನಗೆ ಕಲಿಸಿದವರನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ನಮ್ಮ ಶಿರಸಿ ಕಡೆಯ ಆಯಿಯಲ್ಲ ಮತ್ತೆ, ಅಲ್ಲಿ ಚಿಕ್ಕಮ್ಮನನ್ನು ಕರೆದಂತೆ. ಮೊದಲ ದಿನ ನಾನು ಅಟ್ಟದಿಂದ ಹಂಡೆ ಇಳಿಸುವವಳಂತೆ ಬಿಗಿದುಕೊಂಡು ಕೈ ಎತ್ತಿದೆ. ಅವರು ಹಿಂದಿನಿಂದ ಬಂದು ಎರಡೂ ಭುಜ ಒತ್ತಿ, “ಫಾಂಗ್ ಸೊಂಗ್” ಎಂದರು. ಸಡಿಲ ಬಿಡು ಎಂದು. ತಿಂಗಳುಗಟ್ಟಲೆ ನನಗೆ ಸಿಕ್ಕ ಪಾಠ ಅದೊಂದೇ. ನಾನೋ, ಸಡಿಲ ಬಿಡುವುದಕ್ಕೂ ಹಲ್ಲು ಕಚ್ಚಿ ಪ್ರಯತ್ನ ಪಡುತ್ತಿದ್ದೆ!

ನಿನಗೆ ಮೊದಲನೆಯದನ್ನು ಹೇಳುತ್ತೇನೆ. ಪಾದಗಳ ನಡುವೆ ಭುಜದಗಲ ಜಾಗ ಬಿಟ್ಟು ನಿಂತುಕೋ. ಹೊಟ್ಟೆಯ ಮುಂದೆ ಬೆರಳುಗಳನ್ನು ಹೆಣೆದು, ಉಸಿರು ಒಳಗೆ ಬರುವಾಗ ಕೈ ಮೇಲಕ್ಕೆ ಎತ್ತು. ಎದೆಯ ಹತ್ತಿರ ಅಂಗೈ ತಿರುಗಿಸಿ ಆಕಾಶವನ್ನು ಎತ್ತಿ ಹಿಡಿದಂತೆ ಚಾಚು. ಉಸಿರು ಬಿಡುತ್ತ ಕೈಗಳನ್ನು ಎರಡೂ ಪಕ್ಕದಿಂದ ಇಳಿಸು. ನೀನು ಪ್ರಾಣಾಯಾಮದಲ್ಲಿ ಎಣಿಸುತ್ತೀಯಲ್ಲ, ಇಲ್ಲಿ ಎಣಿಸಬೇಡ, ಉಸಿರು ಕಟ್ಟಲೂ ಬೇಡ. ಉಸಿರು ಮುಗಿದರೆ ಕೈ ಎಲ್ಲಿದೆಯೋ ಅಲ್ಲೇ ಇನ್ನೊಂದು ಉಸಿರು ತೆಗೆದುಕೋ, ಯಾರೂ ಬೈಯುವುದಿಲ್ಲ.

ಎರಡನೆಯದು ಬಿಲ್ಲು ಎಳೆದು ಹದ್ದಿಗೆ ಗುರಿಯಿಡುವುದು. ನಾಲ್ಕನೆಯದರಲ್ಲಿ ಕತ್ತು ತಿರುಗಿಸಿ ಹಿಂದೆ ನೋಡುವುದು, ದಿನವಿಡೀ ಮೊಬೈಲಿಗೆ ಬಗ್ಗಿರುವ ನಮ್ಮೆಲ್ಲರಿಗೂ ಬೇಕಾದದ್ದು. ನೀನು ಎಚ್ಚರ ವಹಿಸಬೇಕಾದವೂ ಕೆಲವಿವೆ. ಬಿಲ್ಲು ಎಳೆಯುವಾಗಲೂ ಐದನೆಯದರಲ್ಲೂ ಏಳನೆಯದರಲ್ಲೂ ಕುದುರೆ ಸವಾರನಂತೆ ಮಂಡಿ ಬಗ್ಗಿಸಿ ನಿಲ್ಲಬೇಕು, ನೀನು ಬಗ್ಗಿಸಿದಂತೆ ಮಾಡಿದರೆ ಸಾಕು. ಆರನೆಯದರಲ್ಲಿ ಪಾದ ಮುಟ್ಟುವ ಹಟ ಬೇಡ, ನಿನಗೆ ಬಿ.ಪಿ. ಇದೆ, ತಲೆ ತೀರಾ ಕೆಳಗೆ ಹೋಗಬಾರದು. ಕೊನೆಯದರಲ್ಲಿ ಹಿಮ್ಮಡಿ ಎತ್ತಿ ಏಳು ಸಲ ನೆಲಕ್ಕೆ ಬಿಡುತ್ತಾರೆ, ನೀನು ಕುರ್ಚಿಯ ಬೆನ್ನು ಹಿಡಿದು ಮೆತ್ತಗೆ ಇಳಿಸು. ಈ ಏಳು ಸಲದಿಂದ ನೂರು ರೋಗ ಹೋಗುತ್ತದೆ ಎಂಬ ಮಾತು ಅಲ್ಲಿದೆ. ಅದನ್ನು ನಂಬಿ ಮಾತ್ರೆ ನಿಲ್ಲಿಸಿದೆಯೋ, ನಾನೇ ಬಂದು ಬೈಯುತ್ತೇನೆ. ನನಗಾದ ಲಾಭ ಹೇಳಬೇಕೆಂದರೆ, ಭುಜದ ಬಿಗಿತ ಇಳಿಯಿತು, ರಾತ್ರಿ ನಿದ್ದೆ ಬೇಗ ಬರತೊಡಗಿತು. ಅಷ್ಟೇ.

ಇನ್ನು ಭಾವನವರಿಗೆ. ನೀವು ಕಳಿಸಿದ ಫಾರ್ವರ್ಡ್ ನೋಡಿದೆ, ಇದೆಲ್ಲವನ್ನೂ ನಮ್ಮ ದಕ್ಷಿಣದ ಬೌದ್ಧ ಭಿಕ್ಷು ಬೋಧಿಧರ್ಮನೇ ಚೀನಾಕ್ಕೆ ಕೊಟ್ಟದ್ದು ಎಂದಿದೆ. ಬೇಸರಿಸಬೇಡಿ ಭಾವ, ಆ ಕಥೆ ಅಂಟಿಕೊಂಡಿರುವುದು ಯಿಜಿನ್‌ಜಿಂಗ್ ಎಂಬ ಬೇರೊಂದು ಅಭ್ಯಾಸಕ್ಕೆ, ಅದರ ಗ್ರಂಥವೂ 17ನೇ ಶತಮಾನದ್ದು. 1973ರಲ್ಲಿ ಚೀನಾದ ಚಾಂಗ್‌ಶಾ ನಗರದ ಹತ್ತಿರದ ಮಾವಾಂಗ್‌ದುಯಿ ಸಮಾಧಿಯಲ್ಲಿ ಒಂದು ರೇಷ್ಮೆ ಬಟ್ಟೆ ಸಿಕ್ಕಿತು. ಅದರ ಮೇಲೆ ವ್ಯಾಯಾಮ ಮಾಡುತ್ತಿರುವ 44 ಗಂಡಸರು ಹೆಂಗಸರ ಚಿತ್ರಗಳಿವೆ. ಆ ಸಮಾಧಿ ಮುಚ್ಚಿದ್ದು ಕ್ರಿ.ಪೂ. 168ರಲ್ಲಿ, ಬೋಧಿಧರ್ಮ ಹುಟ್ಟುವುದಕ್ಕೆ ಎಷ್ಟೋ ನೂರು ವರ್ಷ ಮೊದಲು. ನಮ್ಮ ಯೋಗ ನಮಗಿದೆಯಲ್ಲ, ಅವರದ್ದು ಅವರಿಗಿರಲಿ ಬಿಡಿ.

ಅಯ್ಯೋ, ಕುಕ್ಕರ್ ನಾಲ್ಕನೇ ಸಲ ಕೂಗಿತು. ಅಕ್ಕಾ, ನಾಳೆ ಬೆಳಿಗ್ಗೆ ಅಂಗಳದಲ್ಲಿ ಅಡಿಕೆ ಹರಡುವ ಮೊದಲು ವಿಡಿಯೊ ಕರೆ ಮಾಡುತ್ತೇನೆ, ಮೊದಲನೆಯದನ್ನಷ್ಟೇ ಮಾಡೋಣ. ಭಾವನವರನ್ನೂ ಪಕ್ಕದಲ್ಲಿ ನಿಲ್ಲಿಸಿಕೋ. ಹದ್ದು ಹೊಡೆಯುವುದು ಅವರಿಗೆ ಹಿಡಿಸೀತು.